ಮರಳು ಬಾಚುವವನು ಕೆಳಗಿಳಿದ ಬೆಳಿಗ್ಗೆ

ಆ ಕಡಲತೀರದಲ್ಲಿ ಎಲ್ಲರೂ ಅವನನ್ನು ಬಾಚಣಿಗೆ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿತ್ತು, ಅಷ್ಟೇ. ತಲೆಯ ಮೇಲೆ ಹೇಳಿಕೊಳ್ಳಲು ಒಂದು ಕೂದಲಿಲ್ಲದ ಮನುಷ್ಯನಿಗೆ ಇದೆಂಥ ಹೆಸರು ಎಂದು ಹೊಸಬರು ನಕ್ಕರೆ ಅವನೂ ಜೊತೆಗೆ ನಗುತ್ತಿದ್ದ. ತನ್ನ ತಲೆ ಬಾಚುವ ಕೆಲಸವನ್ನು ದೇವರು ಬೇಗ ಮುಗಿಸಿಬಿಟ್ಟ, ಅದಕ್ಕೇ ಕಡಲಿನ ತಲೆ ಬಾಚುತ್ತಿದ್ದೇನೆ ಎನ್ನುವುದು ಅವನ ಸಿದ್ಧ ಉತ್ತರ.

ಕೆಲಸ ನಿಜಕ್ಕೂ ಬಾಚುವುದೇ. ಬೇಸಿಗೆಯ ತಿಂಗಳುಗಳಲ್ಲಿ ಆ ತೀರಕ್ಕೆ ಜನ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತುತ್ತಿದ್ದರು. ಹಗಲೆಲ್ಲ ಚೆಂಡಾಟ, ಗಾಳಿಪಟ, ಕಾಲಲ್ಲಿ ತುಳಿದು ನಡೆಸುವ ದೋಣಿ, ಹಗ್ಗ ಕಟ್ಟಿ ಮನುಷ್ಯರನ್ನು ಆಕಾಶಕ್ಕೆ ಹಾರಿಸುವ ದೊಡ್ಡ ಕೊಡೆ, ದೀಪಸ್ತಂಭದ ಮೆಟ್ಟಿಲು ಹತ್ತಿ ಇಳಿದು ಮತ್ತೆ ಹತ್ತುವ ಮಕ್ಕಳು. ಇದರಲ್ಲಿ ಯಾವುದನ್ನೂ ಬಾಚಣಿಗೆ ಸರಿಯಾಗಿ ಕಂಡವನಲ್ಲ. ಬೆಳಗಿನ ಜಾವ ಮೂರೂವರೆಗೆ ಅವನು ಟ್ರ್ಯಾಕ್ಟರ್ ಏರುವ ಹೊತ್ತಿಗೆ ತೀರದಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಟ್ರ್ಯಾಕ್ಟರಿನ ಹಿಂದೆ ಗೇಣುದ್ದದ ಉಕ್ಕಿನ ಹಲ್ಲುಗಳ ಸಾಲು. ಅದು ಮರಳನ್ನು ಕೆದರಿ ಎತ್ತಿ, ಜರಡಿ ಹಿಡಿದು, ಮರಳನ್ನು ಕೆಳಗೆ ಬಿಟ್ಟು ಉಳಿದದ್ದನ್ನು ಹಿಂದಿನ ಪೆಟ್ಟಿಗೆಗೆ ಎಸೆಯುತ್ತಿತ್ತು. ಒಂಟಿ ಚಪ್ಪಲಿ, ಪ್ಲಾಸ್ಟಿಕ್ ಸಲಿಕೆ, ಬಾಟಲಿಯ ಮುಚ್ಚಳ, ಮುರಿದ ಕನ್ನಡಕ, ಟೋಪಿ. ಪೆಟ್ಟಿಗೆಗೆ ಬಿದ್ದದ್ದು ನೋಡಿಯೇ ನಿನ್ನೆ ಇಲ್ಲಿ ಏನು ನಡೆಯಿತು ಎಂದು ಅವನು ಹೇಳಬಲ್ಲವನಾಗಿದ್ದ. ಮಕ್ಕಳು ಸಂಜೆ ಕಟ್ಟಿ ಹೋದ ಮರಳಿನ ಕೋಟೆಗಳನ್ನು ದಿನಕ್ಕೆ ಐವತ್ತರಂತೆ ನೆಲಸಮ ಮಾಡುತ್ತ, ತನ್ನಷ್ಟು ಕೋಟೆ ಗೆದ್ದ ದಂಡನಾಯಕ ಚರಿತ್ರೆಯಲ್ಲೇ ಇಲ್ಲ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಹೆಂಡತಿ ಅಲ್ಲೇ ಒಂದು ವಸತಿಗೃಹದ ಬಟ್ಟೆ ಒಗೆಯುವ ಕೋಣೆಯಲ್ಲಿದ್ದಳು. ಪ್ರವಾಸಿಗರ ಹಾಸಿಗೆ ಹೊದಿಕೆ ಒಗೆದು ಮೇಲಿನ ತಾರಸಿಯಲ್ಲಿ ಒಣಹಾಕುವುದು ಅವಳ ಪಾಲಿನ ಕೆಲಸ. ಹೊದಿಕೆ ಕೊಡವಿದಾಗೆಲ್ಲ ಬೀಳುವ ಮರಳನ್ನು ಕಂಡು, ಗಂಡ ಬಾಚಿದ್ದರಲ್ಲಿ ಅರ್ಧ ಕಡಲು ತನ್ನ ಬಕೆಟ್ಟಿಗೇ ಬಂದು ಸೇರುತ್ತದೆ ಎನ್ನುತ್ತಿದ್ದಳು. ಮಗಳು ಮದುವೆಯಾಗಿ ದೂರದಲ್ಲಿದ್ದಳು. ಗಂಡ ಹೆಂಡಿರಿಬ್ಬರೂ ಸಂಜೆ ಏಳಕ್ಕೆ ಉಂಡು ಎಂಟಕ್ಕೆ ಮಲಗುವವರು. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು. ಈ ಅವಧಿಯಲ್ಲಿ ಬಾಚಣಿಗೆಯ ಮೇಲೆ ಒಂದೇ ಒಂದು ದೂರು ಬಂದದ್ದು, ಅದೂ ಅವನು ಕೆಲಸ ಮಾಡುವಾಗ ಶಿಳ್ಳೆ ಹಾಕುತ್ತಾನೆ ಎಂದು.

ಆ ವರ್ಷದ ಸೆಕೆ ವಿಪರೀತವಾಗಿತ್ತು. ಒಂದು ಸಂಜೆ ಹೆಂಡತಿ ತಲೆನೋವೆಂದು ಹಣೆ ಹಿಡಿದು ಕುಳಿತಳು. ತಾರಸಿಯ ಬಿಸಿಲು ನೆತ್ತಿ ಸುಡುತ್ತದೆ, ಪೆಟ್ಟಿಗೆಗೆ ಬೀಳುವ ಟೋಪಿಗಳಲ್ಲಿ ಅಗಲವಾದದ್ದೊಂದನ್ನು ತಂದುಕೊಡಬಾರದೇ ಎಂದು ಕೇಳಿದಳು. ಜರಡಿಗೆ ಸಿಕ್ಕ ಟೋಪಿ ಟೋಪಿಯಾಗಿ ಉಳಿಯುವುದಿಲ್ಲ, ಹಲ್ಲಿಗೆ ಸಿಕ್ಕಿ ಚಿಂದಿಯಾಗಿರುತ್ತದೆ ಎಂದು ಅವನು ವಿವರಿಸಿದ.

“ಹಂಗಾದ್ರೆ ಹಲ್ಲಿಗೆ ಸಿಗೋಕೆ ಮುಂಚೆ ಇಳಿದು ಎತ್ಕೋಬೇಕು. ಕಾಲೇನು ಸವೆದು ಹೋಗುತ್ತಾ?” ಎಂದಳು ಅವಳು.

ಹತ್ತೊಂಬತ್ತು ವರ್ಷದಲ್ಲಿ ಅವನು ಒಮ್ಮೆಯೂ ಟೋಪಿಗಾಗಿ ಟ್ರ್ಯಾಕ್ಟರ್ ನಿಲ್ಲಿಸಿದವನಲ್ಲ. ನೋಡೋಣ ಎಂದು ಹೇಳಿ ಮಗ್ಗುಲು ಬದಲಿಸಿದ.

ಮರುದಿನ ಬೆಳಗಿನ ಜಾವ ಎಂದಿನಂತೆ ಉತ್ತರದ ತುದಿಯಿಂದ ಶುರುಮಾಡಿದ. ದೀಪದ ಕಂಬಗಳು ತೀರವನ್ನು ತುಂಡುತುಂಡಾಗಿ ಭಾಗ ಮಾಡಿದ್ದವು. ಒಂದು ತುಂಡಿಗೆ ಹನ್ನೆರಡು ಸಾಲು. ರಸ್ತೆಯ ಕಡೆಯಿಂದ ಹಿಡಿದು ನೀರಿನ ಕಡೆಗೆ ಹೋಗುತ್ತ ಬರುತ್ತ, ಹೋಗುತ್ತ ಬರುತ್ತ ಬಾಚಬೇಕು. ಐದನೆಯ ತುಂಡಿನ ಏಳನೆಯ ಸಾಲಿನಲ್ಲಿದ್ದಾಗ ಮುಂದೆ ಒಂದು ಕೋಟೆ ಕಂಡಿತು. ಸಾಧಾರಣ ಕೋಟೆಯಲ್ಲ, ಆಳುದ್ದ ಇತ್ತು, ನಾಲ್ಕು ಬುರುಜುಗಳಿದ್ದವು. ಅದರ ಒಂದು ತುದಿಯಲ್ಲಿ ಹುಲ್ಲಿನ ಟೋಪಿ, ಮೊರದಷ್ಟು ಅಗಲದ ಅಂಚು. ಆಗಷ್ಟೇ ಮೂಡಣ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಟೋಪಿ ಹೊಸದೆಂದು ಅಷ್ಟು ಬೆಳಕಿನಲ್ಲೂ ಗೊತ್ತಾಗುತ್ತಿತ್ತು.

ಅವನು ಅದರ ಮೇಲೆ ಹರಿಸಿಕೊಂಡು ಹೋಗಲೆಂದೇ ಇದ್ದ. ಕೈ ಚಕ್ರದ ಮೇಲೆ ನೇರವಾಗಿತ್ತು. ಆಮೇಲೆ ಹೆಂಡತಿಯ ಹಣೆ ನೆನಪಾಯಿತು. ಕಾಲು ಬ್ರೇಕಿನ ಮೇಲೆ ಹೋಯಿತು.

ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಶಿಳ್ಳೆ ಹಾಕುತ್ತಲೇ ಹೋಗಿ ಟೋಪಿಗೆ ಕೈ ಹಾಕಿದ. ಟೋಪಿ ಬರಲಿಲ್ಲ. ಏನೋ ಹಿಡಿದುಕೊಂಡಿತ್ತು. ದಾರ ಯಾವುದೋ ಕೋಲಿಗೆ ಸಿಕ್ಕಿರಬೇಕೆಂದುಕೊಂಡು ಜೋರಾಗಿ ಎಳೆದ. ಟೋಪಿಯ ಜೊತೆಗೆ ಒಂದು ಮುಖ ಮೇಲೆ ಬಂತು.

ದಾರ ಗದ್ದದ ಕೆಳಗೆ ಕಟ್ಟಿತ್ತು. ಕಣ್ಣುಗಳು ತೆರೆದಿದ್ದವು. ರೆಪ್ಪೆಗಳ ಮೇಲೆ ಮರಳು ಕುಳಿತಿತ್ತು. ತುಟಿ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಸುಮಾರು ನಲವತ್ತರ ಗಂಡಸು.

ಮೊದಲು ಏನು ಮಾಡಿದೆ ಎಂದು ಆಮೇಲೆ ಬಾಚಣಿಗೆಗೆ ಹೇಳಲು ಬರಲಿಲ್ಲ. ಟೋಪಿಯ ಅಂಚು ಹಿಡಿದುಕೊಂಡೇ ನಿಂತಿದ್ದ. ಹಿಂದೆ ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ತಿರುಗಿ ನೋಡಿದ. ಮುಂದಿನ ಗಾಲಿ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಆಗ ಓಡಿದ, ಸಹಾಯಕ್ಕಲ್ಲ, ಎಂಜಿನ್ ಆರಿಸಲಿಕ್ಕೆ. ಆರಿಸಿದ ಮೇಲೂ ಸಮಾಧಾನವಾಗದೆ ಕೀಲಿ ಕಿತ್ತು ಕೈಲಾದಷ್ಟು ದೂರಕ್ಕೆ ಎಸೆದುಬಿಟ್ಟ. ಆ ಕೀಲಿಯನ್ನು ಹುಡುಕಲು ಸಿಬ್ಬಂದಿಗೆ ಮಧ್ಯಾಹ್ನದವರೆಗೆ ಹಿಡಿಯಿತು.

ಆಮೇಲೆ ಬರಿಗೈಯಲ್ಲಿ ತೋಡತೊಡಗಿದ. ಮರಳಿಗೆ ಬಕೆಟ್‌ಗಟ್ಟಲೆ ನೀರು ಸುರಿದು ಬಡಿದು ಗಟ್ಟಿ ಮಾಡಿದ್ದರು, ಗಾರೆಯ ಹಾಗಾಗಿತ್ತು. ಉಗುರು ಸೀಳಿತು. ಬುರುಜು ಕೆಡವಿದ, ಗೋಡೆ ಕೆಡವಿದ. ಮೊದಲು ಸಿಕ್ಕಿದ್ದು ಬಲಗೈ. ಅದು ಹೊರಗೆ ಬಂದದ್ದೇ ತಡ, ಬಾಚಣಿಗೆಯ ಮಣಿಕಟ್ಟು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ಆಗಲಿಲ್ಲ. ಉಳಿದದ್ದನ್ನೆಲ್ಲ ಅವನು ಒಂದೇ ಕೈಯಲ್ಲಿ ತೋಡಬೇಕಾಯಿತು.

ಆ ಮನುಷ್ಯ ಒಂದು ಕಚೇರಿಯ ಗುಮಾಸ್ತ. ಕಚೇರಿಯವರೆಲ್ಲ ಎರಡು ಬಸ್ಸು ಮಾಡಿಕೊಂಡು ಒಂದು ದಿನದ ವಿಹಾರಕ್ಕೆ ಬಂದಿದ್ದರು. ದೋಣಿ ತುಳಿದು, ದೀಪಸ್ತಂಭ ಹತ್ತಿ, ಚೆಂಡಾಡಿ, ಸಂಜೆಗೆ ಮಾಡಲು ಇನ್ನೇನೂ ಉಳಿಯದಿದ್ದಾಗ ಯಾರನ್ನಾದರೂ ಮರಳಲ್ಲಿ ಹೂಳೋಣ ಎಂದರಂತೆ. ಯಾರನ್ನು ಎಂದು ಯಾರೂ ಕೇಳಲಿಲ್ಲ. ಏನು ಮಾಡಿದರೂ ಸುಮ್ಮನಿರುವವನು ಅವನೊಬ್ಬನೇ. ಮಲಗಿಸಿ, ಮುಚ್ಚಿ, ಮೇಲೆ ಕೋಟೆ ಕಟ್ಟಿ, ಇಳಿಬಿಸಿಲು ಕಣ್ಣಿಗೆ ಹೊಡೆಯದಿರಲಿ ಎಂದು ಯಾರದೋ ಟೋಪಿಯನ್ನು ಮುಖಕ್ಕೆ ಕಟ್ಟಿ, ಫೋಟೊ ತೆಗೆದು ತಿಂಡಿಗೆ ಹೋದರು. ಹೊತ್ತು ಮೂಡುವ ಮೊದಲೇ ಎದ್ದು ಪ್ರಯಾಣ ಮಾಡಿದವನಿಗೆ ಬೆಚ್ಚಗಿನ ಮರಳಿನಲ್ಲಿ ನಿದ್ದೆ ಹತ್ತಿತು. ಮೊದಲನೆಯ ಬಸ್ಸಿನವರು ಅವನು ಎರಡನೆಯದರಲ್ಲಿದ್ದಾನೆ ಎಂದುಕೊಂಡರು, ಎರಡನೆಯ ಬಸ್ಸಿನವರು ಮೊದಲನೆಯದರಲ್ಲಿ ಎಂದುಕೊಂಡರು. ಎಚ್ಚರವಾದಾಗ ಕತ್ತಲೆ. ರಸ್ತೆಯಾಚೆಯ ಅಂಗಡಿಗಳಲ್ಲಿ ಹಾಡು ಜೋರಾಗಿತ್ತು. ಹಾಡು ನಿಲ್ಲುವ ಹೊತ್ತಿಗೆ ಕೂಗಿ ಕೂಗಿ ಅವನ ಗಂಟಲು ಕಟ್ಟಿಹೋಗಿತ್ತು. ಕೊಸರಾಡಿದಷ್ಟೂ ಮರಳು ಇನ್ನೂ ಬಿಗಿಯಾಯಿತು.

ಇದೆಲ್ಲ ತಿಳಿದದ್ದು ಆಮೇಲೆ. ಬಾಚಣಿಗೆ ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ಬರುವತನಕ ಇಬ್ಬರೂ ಕೆಡವಿದ ಕೋಟೆಯ ಪಕ್ಕದಲ್ಲೇ ಕುಳಿತಿದ್ದರು, ಮಣಿಕಟ್ಟು ಇನ್ನೂ ಗುಮಾಸ್ತನ ಹಿಡಿತದಲ್ಲಿತ್ತು. ಬಾಚಣಿಗೆ ತನ್ನ ಬಾಟಲಿಯ ನೀರು ಹನಿಹನಿಯಾಗಿ ಕುಡಿಸಿದ. ನಾಲ್ಕು ಗುಟುಕಿನ ನಂತರ ಗುಮಾಸ್ತನಿಗೆ ಪಿಸುಗುಟ್ಟುವಷ್ಟು ದನಿ ಬಂತು.

“ನಿಮ್ಮ ಗಾಡಿ ಸದ್ದು ಕೇಳ್ದಾಗ ಅಳು ಬಂತು. ಯಾರೋ ಬಂದ್ರಲ್ಲ ಅಂತ ಖುಷಿ.” ಸ್ವಲ್ಪ ತಡೆದು ಮತ್ತೆ ಹೇಳಿದ. “ಆಮೇಲೆ ಲೆಕ್ಕ ಗೊತ್ತಾಯ್ತು. ಹೋಗ್ತೀರಿ, ಬರ್ತೀರಿ. ಪ್ರತಿ ಸಲ ಒಂದು ಸಾಲು ಹತ್ತಿರ. ನೀವು ಶಿಳ್ಳೆ ಹಾಕ್ತಾ ಇದ್ರಿ.”

ಬಾಚಣಿಗೆ ಬಾಟಲಿಯನ್ನು ಮತ್ತೆ ಅವನ ತುಟಿಗೆ ಹಿಡಿದ. ಅಂದಿನಿಂದ ಬಾಚಣಿಗೆ ಶಿಳ್ಳೆ ಹಾಕಿದ್ದನ್ನು ಯಾರೂ ಕೇಳಿಲ್ಲ.

ಊರಿಗೆ ಊರೇ ಅವನನ್ನು ಹೊಗಳಿತು. ದೋಣಿಯವರು, ಕೊಡೆ ಬಾಡಿಗೆಯವರು, ದೀಪಸ್ತಂಭದ ಟಿಕೆಟ್ಟಿನವಳು, ಕಂಡಕಂಡವರೆಲ್ಲ ಬೆನ್ನು ತಟ್ಟಿದರು. ಒಂದು ಜೀವ ಉಳಿಸಿದ ಪುಣ್ಯಾತ್ಮ ಎಂದರು. ಪತ್ರಿಕೆಯವನೊಬ್ಬ ಬಂದು ಟ್ರ್ಯಾಕ್ಟರಿನ ಮುಂದೆ ನಿಲ್ಲಲು ಹೇಳಿದ. ಬಾಚಣಿಗೆ ನಿಲ್ಲಲಿಲ್ಲ. ಅವರೆಲ್ಲ ಬೇರೆ ಯಾರದೋ ಕಥೆ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು ಅವನಿಗೆ. ತಾನು ಉಳಿಸಲು ಇಳಿದವನಲ್ಲ, ಟೋಪಿಗೆ ಇಳಿದವನು. ಇಳಿಯದಿದ್ದರೆ? ಇಳಿಯದಿದ್ದರೆ ಶಿಳ್ಳೆ ಹಾಕುತ್ತಲೇ ಟೋಪಿಯ ಮೇಲೆ ಗಾಲಿ ಹರಿಸುತ್ತಿದ್ದ. ಕೆಳಗೆ ಏನಿದೆ ಎಂದು ನೋಡುವ ಅಭ್ಯಾಸವೇ ಅವನಿಗಿರಲಿಲ್ಲ.

ಅಂದು ಕೆಲಸ ನಿಂತ ಮೇಲೆ ಅವನು ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ನೆಲದ ಮೇಲೆ ಸುರಿದು, ಒಂದೊಂದನ್ನೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಮೂರು ಟೋಪಿಗಳಿದ್ದವು. ಮೂರನ್ನೂ ಬಿಡಿಸಿ ನೋಡಿದ. ನಂತರ ನೇರವಾಗಿ ಪೊಲೀಸ್ ಠಾಣೆಗೆ ಹೋಗಿ, ಹತ್ತೊಂಬತ್ತು ವರ್ಷಗಳಲ್ಲಿ ಈ ತೀರಕ್ಕೆ ಬಂದು ಕಾಣೆಯಾಗಿ ಸಿಗದೇ ಹೋದವರು ಎಷ್ಟು ಜನ ಎಂದು ಕೇಳಿದ. ಪೇದೆ ನಗಲು ಹೊರಟವನು ಅವನ ಮುಖ ನೋಡಿ ಕುರ್ಚಿ ಬಿಟ್ಟೆದ್ದ. ಕಡತ ತೆಗೆದು ನೋಡಿದ. ಒಬ್ಬನೇ ಒಬ್ಬ, ಅವನನ್ನು ಬಂಡೆಯ ಮೇಲಿಂದ ಅಲೆ ಎಳೆದುಕೊಂಡು ಹೋದದ್ದನ್ನು ಮೂವತ್ತು ಜನ ಕಣ್ಣಾರೆ ಕಂಡಿದ್ದರು. ತೆಂಗಿನಕಾಯಿಯಷ್ಟು ಕಲ್ಲು ಸಿಕ್ಕರೂ ನಿನ್ನ ಯಂತ್ರ ಕಿರುಚಿ ನಿಲ್ಲುತ್ತದಲ್ಲ ಎಂದು ಪೇದೆಯೇ ಸಮಾಧಾನ ಹೇಳಿದ. ಅದು ನಿಜ. ಬಾಗಿದ ಒಂದೊಂದು ಹಲ್ಲಿನ ಕಾರಣವೂ ಬಾಚಣಿಗೆಗೆ ಗೊತ್ತಿತ್ತು. ಆದರೂ ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಟೋಪಿಗಳು ನೆನಪಾಗುತ್ತಲೇ ಇದ್ದವು. ಕೆಂಪು ಟೋಪಿ, ಬಟ್ಟೆ ಟೋಪಿ, ಗಾಳಿಯಲ್ಲಿ ಅಂಚು ಅಲ್ಲಾಡುತ್ತಿದ್ದ ಟೋಪಿ. ಇನ್ನೂ ಎಷ್ಟೋ. ಒಂದರ ಕೆಳಗೂ ಅವನು ಇಣುಕಿ ನೋಡಿರಲಿಲ್ಲ.

ಹೆಂಡತಿಗೆ ಅವನು ಟೋಪಿ ಸಿಗಲಿಲ್ಲ ಎಂದಷ್ಟೇ ಹೇಳಿ ಗೋಡೆಗೆ ಮುಖ ಮಾಡಿ ಮಲಗಿದ. ಅವಳಿಗೆ ಸುದ್ದಿ ಮುಟ್ಟಿದ್ದು ಮರುದಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮನೆಗೆ ಬಂದಾಗ ಅವನು ಇನ್ನೂ ಗೋಡೆ ನೋಡುತ್ತಿದ್ದ.

“ನಾನು ಕೇಳದೇ ಇದ್ದಿದ್ರೆ?” ಎಂದಳು.

“ಅದನ್ನೇ ನೋಡ್ತಾ ಇದೀನಿ ನಿನ್ನೆಯಿಂದ” ಎಂದ ಅವನು.

ಅವಳು ಅವನ ಪಕ್ಕದಲ್ಲಿ ಕುಳಿತಳು. ಹರಿದ ಉಗುರುಗಳಿಗೆ ಎಣ್ಣೆ ಹಚ್ಚಿದಳು. ಮಣಿಕಟ್ಟಿನ ಮೇಲೆ ಐದು ಬೆರಳಿನ ನೀಲಿ ಗುರುತಿತ್ತು. ಅದನ್ನು ಮುಟ್ಟಲು ಅವನು ಬಿಡಲಿಲ್ಲ.

ಮೂರನೆಯ ದಿನ ಕೆಲಸಕ್ಕೆ ಹೋದ. ಟ್ರ್ಯಾಕ್ಟರ್ ಏರಿದ, ಕೀಲಿ ತಿರುಗಿಸಿದ, ದೀಪ ಹಾಕಿದ. ಮುಂದೆ ಹತ್ತಾರು ಕೋಟೆಗಳು, ದಿಬ್ಬಗಳು. ಇಳಿದು ಟಾರ್ಚ್ ಹಿಡಿದು ಮೊದಲ ತುಂಡನ್ನೆಲ್ಲ ನಡೆದ. ಪ್ರತಿ ದಿಬ್ಬವನ್ನೂ ಕಾಲಿನಿಂದ ಒತ್ತಿ, ಪ್ರತಿ ಬಟ್ಟೆಯನ್ನೂ ಎತ್ತಿ ನೋಡಿ, ಆಮೇಲೆ ಬಾಚಿದ. ಎರಡನೆಯ ತುಂಡಿಗೂ ಹಾಗೇ. ಬಿಸಿಲೇರುವ ಹೊತ್ತಿಗೆ ಅರ್ಧ ತೀರವೂ ಆಗಿರಲಿಲ್ಲ. ಚಾಪೆ ಬುಟ್ಟಿ ಹಿಡಿದು ಬಂದ ಪ್ರವಾಸಿಗರು ನಿನ್ನೆಯ ಕಸದ ನಡುವೆ ಮುಖ ಸಿಂಡರಿಸಿಕೊಂಡು ನಿಂತಿದ್ದರು.

ಸೂಪರ್‌ವೈಸರ್ ಕೆಟ್ಟ ಮನುಷ್ಯನೇನಲ್ಲ. ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು, ಮಾತಿಗೊಮ್ಮೆ “ಅರ್ಥ ಆಗುತ್ತೆ” ಎನ್ನುವವನು. ಬಾಚಣಿಗೆಗೆ ಆದ ಆಘಾತ ತನಗೂ ಅರ್ಥವಾಗುತ್ತದೆ, ಆದರೆ ನೂರು ವರ್ಷಕ್ಕೊಮ್ಮೆ ಆಗುವ ಸಂಗತಿಗೆ ದಿನವೂ ತೀರಕ್ಕೆ ಬರುವ ಜನರನ್ನು ಕಾಯಿಸಲಾಗುವುದಿಲ್ಲ ಎಂದ. ಮುಂದೆ ನಡೆದು ನೋಡಲು ಇಬ್ಬರನ್ನು ಕೊಡಿ ಎಂದು ಬಾಚಣಿಗೆ ಕೇಳಿಕೊಂಡ. ಅಂಥ ಹುದ್ದೆಯೇ ಪಟ್ಟಿಯಲ್ಲಿಲ್ಲ ಎಂಬ ಉತ್ತರ ಬಂತು. ಬೇಕಿದ್ದರೆ ರಜೆ ತೆಗೆದುಕೋ, ಬೇರೆಯವನನ್ನು ಕೂರಿಸುತ್ತೇನೆ ಎಂದ ಸೂಪರ್‌ವೈಸರ್. ಬೇರೆಯವನು ಕೂರುವುದು ಎಂಬ ಮಾತು ಬಾಚಣಿಗೆಯನ್ನು ಇನ್ನಷ್ಟು ಹೆದರಿಸಿತು. ಆ ರಾತ್ರಿಯಿಂದ ಎರಡು ಗಂಟೆಗೇ ಏಳತೊಡಗಿದ. ಎರಡನೆಯ ದಿನ ಬಾಗಿಲು ತೆಗೆಯುವಾಗ ನೋಡುತ್ತಾನೆ, ಹೆಂಡತಿ ತಲೆಗೆ ಬಟ್ಟೆ ಕಟ್ಟಿಕೊಂಡು, ಇನ್ನೊಂದು ಟಾರ್ಚ್ ಹಿಡಿದು ನಿಂತಿದ್ದಳು. ಬೇಡ ಎಂದ. ಅವಳು ಆಗಲೇ ಮೆಟ್ಟಿಲಿಳಿದಿದ್ದಳು.

ಹನ್ನೆರಡು ದಿನ ಹೀಗೆ ನಡೆಯಿತು. ಅವಳು ಒಗೆಯುವ ಕೋಣೆಯಲ್ಲಿ ನಿಂತಲ್ಲೇ ತೂಕಡಿಸುತ್ತಿದ್ದಳು. ಅವನ ಕೆನ್ನೆ ಒಳಗೆ ಹೋಗಿತ್ತು.

ಹದಿಮೂರನೆಯ ದಿನ ಗುಮಾಸ್ತ ಬಂದ. ಸೀಬೆಹಣ್ಣಿನ ಚೀಲ ಹಿಡಿದುಕೊಂಡು, ಒಬ್ಬನೇ. ಕೃತಜ್ಞತೆ ಹೇಳಲು ಬಂದಿದ್ದಾನೆ ಎಂದುಕೊಂಡರು. ಅದನ್ನು ಎರಡು ಮಾತಿನಲ್ಲಿ ಮುಗಿಸಿ, ತನಗೊಂದು ಉಪಕಾರವಾಗಬೇಕು ಎಂದ. ರಾತ್ರಿಯೆಲ್ಲ ನಿದ್ದೆಯಿಲ್ಲ. ಟ್ರ್ಯಾಕ್ಟರಿನ ಆಸನದಲ್ಲಿ ಕುಳಿತು ನೋಡಬೇಕು, ಅಲ್ಲಿಂದ ತಾನು ಕಾಣುತ್ತಿದ್ದೆನೋ ಇಲ್ಲವೋ ತಿಳಿಯಬೇಕು.

ಮರುದಿನ ಮೂವರೂ ಜಾವದಲ್ಲಿ ಹೋದರು. ಬಾಚಣಿಗೆ ಐದನೆಯ ತುಂಡಿನಲ್ಲಿ ಗುಂಡಿ ತೋಡಿ ತಾನೇ ಮಲಗಿದ. ಹೆಂಡತಿ ಬೈದುಕೊಂಡೇ ಮರಳು ಹಾಕಿದಳು, ಕೈ ಮಾತ್ರ ಮುಚ್ಚಲು ಒಪ್ಪಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅವನ ಮುಖದ ಮೇಲೆ ಹಾಸಿದಳು. ದೂರದಲ್ಲಿ ಗುಮಾಸ್ತ ಆಸನ ಏರಿ, ಹೇಳಿಕೊಟ್ಟಂತೆ ಕೀಲಿ ತಿರುಗಿಸಿದ. ಗಾಡಿ ನಿಂತಲ್ಲೇ ಗುಡುಗಿತು.

ಹತ್ತೊಂಬತ್ತು ವರ್ಷ ಆ ಸದ್ದನ್ನು ಕಿವಿಯಲ್ಲಿ ಕೇಳಿದ್ದವನು ಅಂದು ಅದನ್ನು ಬೆನ್ನಿನಲ್ಲಿ ಕೇಳಿದ. ಸದ್ದು ಮರಳಿನೊಳಗಿಂದ ಬಂದು ಬೆನ್ನುಮೂಳೆ ಹಿಡಿದು ಹಲ್ಲಿನವರೆಗೆ ಏರಿತು. ಯಾವ ದಿಕ್ಕಿನಿಂದ ಬರುತ್ತಿದೆ, ಎಷ್ಟು ದೂರದಲ್ಲಿದೆ, ಒಂದೂ ತಿಳಿಯಲಿಲ್ಲ. ಎಲ್ಲ ಕಡೆಯಿಂದಲೂ ಬರುತ್ತಿತ್ತು. ಗಾಡಿ ನಿಂತೇ ಇದೆ ಎಂದು ಅವನಿಗೆ ಗೊತ್ತಿತ್ತು, ನಿಲ್ಲಿಸಿದವನು ತಾನೇ. ಆದರೂ ಎಪ್ಪತ್ತು ಎಣಿಸುವಷ್ಟರಲ್ಲಿ ಕೈ ಎತ್ತಿ ಬೀಸಿದ. ಆ ಗುಮಾಸ್ತ ಅಂದು ಈ ಸದ್ದಿನಲ್ಲಿ ಎರಡು ಗಂಟೆ ಇದ್ದ.

ಗುಮಾಸ್ತ ಇಳಿದು ಬಂದು ಅವನ ತಲೆಯ ಬಳಿ ಕುಳಿತ.

“ಏನೂ ಕಾಣಲ್ಲ ಅಲ್ಲಿಂದ. ಬಟ್ಟೆ ಬಿದ್ದಿದೆ ಅನ್ಸುತ್ತೆ ಅಷ್ಟೇ. ನಾನಾಗಿದ್ರೂ ಹರಿಸಿಬಿಡ್ತಿದ್ದೆ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಆ ಕಡೆ ತಿರುಗಿದಳು.

ಬಾಚಣಿಗೆ ಮೈ ಕೊಡವಿಕೊಳ್ಳದೆ, ಅದೇ ಮರಳಿನ ಮೈಯಲ್ಲಿ ಸೂಪರ್‌ವೈಸರನ ಕೋಣೆಯ ಮುಂದೆ ಹೋಗಿ ಕುಳಿತ. ಎಂಟು ಗಂಟೆಗೆ ಅವನು ಬಂದಾಗ ಹೇಳಿದ್ದು ಇಷ್ಟೇ: “ಸರ್, ಒಂದೇ ಒಂದು ಸಲ ಬಂದು ಮಲಗಿ. ಆಮೇಲೆ ನೀವು ಏನು ಹೇಳಿದ್ರೂ ಕೇಳ್ತೀನಿ.”

ಅರ್ಥ ಆಗುತ್ತೆ ಎಂದು ಶುರುಮಾಡಿದ ಸೂಪರ್‌ವೈಸರ್ ಬಾಗಿಲಲ್ಲಿ ನಿಂತಿದ್ದ ಗುಮಾಸ್ತನನ್ನು ಕಂಡು ಮಾತು ನುಂಗಿದ. ಮರಳಲ್ಲಿ ಹೂತುಹೋಗಿದ್ದ ಮನುಷ್ಯನನ್ನು ಅವನು ಕಾಗದದ ಮೇಲಲ್ಲದೆ ನೋಡಿದ್ದು ಅದೇ ಮೊದಲು. ನಾಲ್ವರೂ ತೀರಕ್ಕೆ ಹೋದರು. ಅವನು ಪೆನ್ನುಗಳನ್ನು ಬಾಚಣಿಗೆಯ ಕೈಗೆ ಕೊಟ್ಟು, ಇಸ್ತ್ರಿ ಪ್ಯಾಂಟಿನಲ್ಲೇ ಗುಂಡಿಯಲ್ಲಿ ಮಲಗಿದ. ಮರಳು ಮುಚ್ಚುವುದೇನೂ ಬೇಕಾಗಲಿಲ್ಲ. ಬಾಚಣಿಗೆ ಗಾಡಿಯನ್ನು ಐವತ್ತು ಹೆಜ್ಜೆ ದೂರದಲ್ಲಿ, ಬೇರೆ ಸಾಲಿನಲ್ಲಿ, ಒಮ್ಮೆ ಹೋಗಿ ಒಮ್ಮೆ ಬರುವಂತೆ ಓಡಿಸಿದ. ಎರಡನೆಯ ಸಲ ಬರುವಷ್ಟರಲ್ಲಿ ಸೂಪರ್‌ವೈಸರ್ ಎದ್ದು ಮೊಣಕಾಲ ಮೇಲೆ ನಿಂತಿದ್ದ, ಮುಖ ಸುಣ್ಣವಾಗಿತ್ತು. ಎದ್ದು ನೇರವಾಗಿ ಕಚೇರಿಗೆ ನಡೆದ. ಬೆನ್ನಿನ ಮರಳು ಸಂಜೆಯವರೆಗೂ ಹಾಗೇ ಇತ್ತಂತೆ, ಹೇಳಲು ಯಾರಿಗೂ ಧೈರ್ಯ ಬರಲಿಲ್ಲ.

ವಾರದೊಳಗೆ ಆದೇಶ ಬಂತು. ಟ್ರ್ಯಾಕ್ಟರಿಗಿಂತ ಮುಂದೆ ಇಬ್ಬರು ಟಾರ್ಚ್ ಹಿಡಿದು ನಡೆಯಬೇಕು, ಅವರು ನಡೆದು ಮುಗಿಸದ ತುಂಡಿಗೆ ಗಾಡಿ ಇಳಿಯಕೂಡದು, ತೀರ ತೆರೆಯುವುದು ಅರ್ಧ ಗಂಟೆ ತಡವಾದರೂ ಅಡ್ಡಿಯಿಲ್ಲ. ಒಂದು ಹುದ್ದೆಯನ್ನು ಬಾಚಣಿಗೆಯ ಹೆಂಡತಿಗೇ ಕೊಟ್ಟರು. ಅವಳು ಒಗೆಯುವ ಕೋಣೆ ಬಿಟ್ಟು ಬಂದಳು. ಮೊದಲ ಬೇಸಿಗೆಯಲ್ಲಿ ಅವರಿಗೆ ಸಿಕ್ಕವರು ಇಬ್ಬರು: ಚಾಪೆ ಹೊದ್ದು ಮಲಗಿದ್ದ ಒಬ್ಬ ಮುದುಕ, ಹೆಂಡತಿಯ ಜೊತೆ ಜಗಳವಾಡಿ ದೋಣಿಯ ನೆರಳಲ್ಲಿ ಮಲಗಿದ್ದ ಒಬ್ಬ ಗಂಡ. ಇಬ್ಬರೂ ನಿದ್ದೆ ಕೆಡಿಸಿದ್ದಕ್ಕೆ ಬೈದರು. ಆ ಬೈಗುಳವನ್ನು ಬಾಚಣಿಗೆ ಸನ್ಮಾನದ ಹಾಗೆ ನಿಂತು ಕೇಳಿಸಿಕೊಂಡ.

ಗುಮಾಸ್ತ ಆ ಕಚೇರಿ ಬಿಟ್ಟು ಬೇರೆ ಕಡೆ ಸೇರಿದ. ವರ್ಷಕ್ಕೊಮ್ಮೆ ಬಂದು ಎರಡು ದಿನ ಇವರ ಮನೆಯಲ್ಲೇ ಉಳಿಯುತ್ತಾನೆ. ಸಂಜೆ ಮೂವರೂ ತೀರದ ಕಟ್ಟೆಯ ಮೇಲೆ ಕುಳಿತು ಗಾಳಿಪಟ ನೋಡುತ್ತಾರೆ. ಆ ಬೆಳಿಗ್ಗೆಯ ಮಾತು ಬರುವುದಿಲ್ಲ. ಹಿಂದಿನ ವರ್ಷ ಮಾತ್ರ ಒಮ್ಮೆ, ಎದುರಿಗೆ ಇಬ್ಬರು ಮಕ್ಕಳು ಕಿಲಕಿಲ ನಗುತ್ತ ತಮ್ಮ ಅಪ್ಪನ ಕಾಲ ಮೇಲೆ ಮರಳು ಸುರಿಯತೊಡಗಿದಾಗ, ಬಾಚಣಿಗೆ ಇದ್ದಕ್ಕಿದ್ದಂತೆ ಎದ್ದು ಮನೆಯ ಕಡೆ ನಡೆದುಬಿಟ್ಟ. ಗುಮಾಸ್ತ ಹಿಂದೆ ಹೋಗಲು ಎದ್ದ. ಹೆಂಡತಿ ತಡೆದಳು.

“ಬಿಡಿ, ಮನೆಗೆ ಹೋಗಿ ಮುಖ ತೊಳ್ಕೊಂಡು ಬರ್ತಾರೆ. ನೀವು ಕೂತ್ಕೊಳ್ಳಿ, ಆ ಮಕ್ಕಳು ಅವರಪ್ಪನ್ನ ಎಬ್ಬಿಸೋ ತನಕ ನೋಡ್ಕೊಳ್ಳೋಣ” ಎಂದಳು.

ಅವನು ಕುಳಿತ. ಕತ್ತಲಾಗುವ ಮೊದಲೇ ಆ ಅಪ್ಪ ಎದ್ದು, ಮೈ ಕೊಡವಿಕೊಂಡು, ಮಕ್ಕಳ ಕೈ ಹಿಡಿದು ಹೋದ.